ಸಂಭಾವನೆ ಎಷ್ಟು ಅಂತ ಮೊದಲೇ ಕೇಳಿ

ಸಂಗೀತವನ್ನೇ ನಂಬಿ ಬದುಕುವ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಅಂತ ಕಳೆದ ಸಂಚಿಕೆಯಲ್ಲಿ ಹೇಳಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಬೆಂಗಳೂರಿನವೇ. ಒಂದೆರಡು ಬಿಟ್ಟರೆ ಎಲ್ಲರೂ ‘ಹೆಸರು ಹಾಕಬೇಡಿ ಸರ್’ ಅಂತ ಬರೆದಿದ್ದಾರೆ. ರಾಗದ ಬಗ್ಗೆ, ತಾಳದ ಬಗ್ಗೆ ಕೇಳುವಾಗ ಇವರೇ ತಮ್ಮ ಹೆಸರು, ಗುರುಗಳ ಹೆಸರು ಎಲ್ಲ ಹಾಕುತ್ತಾರೆ. ದುಡ್ಡಿನ ಮಾತು ಬಂದ ತಕ್ಷಣ ಮುಚ್ಚಿಡುತ್ತಾರೆ. ನಾನೂ ಹಾಗೇ ಇದ್ದೆ. ಮೂವತ್ತು ವರ್ಷದಿಂದ ಈ ಊರಿನಲ್ಲಿ ತಬಲಾ ನುಡಿಸಿ ಮನೆ ನಡೆಸಿದ್ದೇನೆ, ಅದರಲ್ಲಿ ಮೊದಲ ಹತ್ತು ವರ್ಷ ‘ಎಷ್ಟು ಕೊಡ್ತೀರಿ’ ಅಂತ ಕೇಳಲು ನಾಲಿಗೆಯೇ ಏಳುತ್ತಿರಲಿಲ್ಲ. ಹಾಗಾಗಿ ನಿಮ್ಮ ಸಂಕೋಚ ನನಗೆ ಅರ್ಥವಾಗುತ್ತದೆ. ಹೆಸರಿಲ್ಲದೆಯೇ ಉತ್ತರ ಕೊಡುತ್ತೇನೆ.

ಪ್ರಶ್ನೆ: ಮಗನಿಗೆ 19 ವರ್ಷ. ಬಿ.ಕಾಂ. ಎರಡನೇ ವರ್ಷ. ಕೀಬೋರ್ಡ್ ಚೆನ್ನಾಗಿ ನುಡಿಸುತ್ತಾನೆ. ಕಾಲೇಜು ಬಿಟ್ಟು ಪೂರ್ತಿ ಸಂಗೀತಕ್ಕೇ ಇಳಿಯುತ್ತೇನೆ ಅಂತಿದ್ದಾನೆ. ಅವನ ಅಪ್ಪ ಅವನ ಜೊತೆ ಮಾತು ಬಿಟ್ಟಿದ್ದಾರೆ. ಇದ್ದದ್ದು ಇದ್ದ ಹಾಗೆ ಹೇಳಿ, ಇದರಲ್ಲಿ ಊಟಕ್ಕೆ ಆಗುತ್ತಾ?
— ಒಬ್ಬ ತಾಯಿ, ಬನಶಂಕರಿ

ಉತ್ತರ: ಅಮ್ಮ, ಆಗುತ್ತದೆ. ಆದರೆ ಟಿವಿ ಸ್ಪರ್ಧೆಗಳಲ್ಲಿ ಕಾಣುವ ದಾರಿಯಲ್ಲಿ ಅಲ್ಲ. ನನಗೆ ಗೊತ್ತಿರುವ ವಾದ್ಯಗಾರರಲ್ಲಿ ಒಂದೇ ಕಡೆಯಿಂದ ಬರುವ ದುಡ್ಡಲ್ಲಿ ಬದುಕುವವರು ಯಾರೂ ಇಲ್ಲ. ಬೆಳಗ್ಗೆ ಪಾಠ, ಮಧ್ಯಾಹ್ನ ಎಲ್ಲಾದರೂ ಒಂದು ರೆಕಾರ್ಡಿಂಗ್, ಸಂಜೆ ಪ್ರೋಗ್ರಾಂ, ಭಾನುವಾರ ಆರತಕ್ಷತೆ. ಇವೆಲ್ಲ ಸೇರಿದರೆ ಒಂದು ಸಂಬಳ.

ಈ ಕೆಲಸಕ್ಕೆ ಪಂಚಾಂಗವೇ ಕ್ಯಾಲೆಂಡರ್. ಮಾಘ, ಫಾಲ್ಗುಣದಿಂದ ವೈಶಾಖದ ತನಕ ಮುಹೂರ್ತಗಳು ಜಾಸ್ತಿ. ಆಗ ಛತ್ರಗಳಲ್ಲಿ ಬೆಳಗ್ಗೆ ವಾಲಗದವರಿಗೆ ಕೆಲಸ, ಸಂಜೆ ಕೊಳಲು, ಕೀಬೋರ್ಡ್, ಸುಗಮ ಸಂಗೀತದವರಿಗೆ ಕೆಲಸ. ನಡುವೆ ರಾಮನವಮಿ ಬರುತ್ತದೆ. 1939ರಲ್ಲಿ ಹುಟ್ಟಿದ ಶ್ರೀರಾಮ ಸೇವಾ ಮಂಡಳಿಯ ಸಂಗೀತ ಕಚೇರಿಗಳು ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದಲ್ಲಿ ನಡೆಯುತ್ತವೆ, ಜೊತೆಗೆ ಬಡಾವಣೆ ಬಡಾವಣೆಯ ರಾಮಮಂದಿರಗಳಲ್ಲೂ ಪಾನಕ ಕೋಸಂಬರಿ ಜೊತೆ ಒಂದೊಂದು ಕಚೇರಿ ಇದ್ದೇ ಇರುತ್ತದೆ. ಆಷಾಢ ಬಂತೆಂದರೆ ಮದುವೆಗಳು ನಿಲ್ಲುತ್ತವೆ, ನಮ್ಮ ಫೋನೂ ಸುಮ್ಮನಾಗುತ್ತದೆ. ಗಣೇಶನ ಹಬ್ಬದಿಂದ ಪೆಂಡಾಲ್‌ಗಳಲ್ಲಿ ಆರ್ಕೆಸ್ಟ್ರಾ ಶುರು. ಪಿತೃಪಕ್ಷ ಮತ್ತೆ ಖಾಲಿ. ನವರಾತ್ರಿಗೆ ಒಂಬತ್ತು ದಿನ ಓಡಾಟ. ನವೆಂಬರ್ ಪೂರ್ತಿ ರಾಜ್ಯೋತ್ಸವ: ಆಟೋ ಸ್ಟ್ಯಾಂಡಿನಿಂದ ಹಿಡಿದು ಐಟಿ ಕಂಪನಿಗಳವರೆಗೆ, ಅಪಾರ್ಟ್‌ಮೆಂಟ್‌ಗಳಲ್ಲಿ, ಕಾಲೇಜುಗಳಲ್ಲಿ. ಧನುರ್ಮಾಸದಲ್ಲಿ ಮದುವೆ ಇಲ್ಲ, ಡಿಸೆಂಬರ್ 31ರ ರಾತ್ರಿ ಮಾತ್ರ ಬ್ಯಾಂಡ್‌ನವರಿಗೆ ಬಿಡುವೇ ಇರುವುದಿಲ್ಲ. ಹೀಗೆ ತುಂಬಿದ ತಿಂಗಳಲ್ಲಿ ಖಾಲಿ ತಿಂಗಳ ಬಾಡಿಗೆ ಎತ್ತಿಡಲು ಬಂದವನು ಉಳಿಯುತ್ತಾನೆ. ಮಗನಿಗೆ ಕೈಬೆರಳಿನ ಅಭ್ಯಾಸದಷ್ಟೇ ಇದರ ಅಭ್ಯಾಸವೂ ಬೇಕು.

ಇನ್ನೊಂದು ಲೆಕ್ಕ ಹೇಳುತ್ತೇನೆ. ಒಂದು ಪ್ರೋಗ್ರಾಂಗೆ 3,000 ರೂಪಾಯಿ ಸಿಕ್ಕಿತು ಅಂತಿಟ್ಟುಕೊಳ್ಳಿ. ಬನಶಂಕರಿಯಿಂದ ಯಲಹಂಕಕ್ಕೆ ಕೀಬೋರ್ಡ್, ಸ್ಟ್ಯಾಂಡ್ ಎಲ್ಲ ಹೊತ್ತುಕೊಂಡು ಹೋಗಬೇಕು, ಬಸ್ಸಿನಲ್ಲಿ ಆಗುವುದಿಲ್ಲ. ಹೋಗಿಬರುವ ಬಾಡಿಗೆಯಲ್ಲೇ ದೊಡ್ಡ ಪಾಲು ಹೋಯಿತು. ಹಿಂದಿನ ದಿನ ರಿಹರ್ಸಲ್‌ಗೆ ಅರ್ಧ ದಿನ. ಪ್ರೋಗ್ರಾಂ ಏಳಕ್ಕಾದರೂ ಸೌಂಡ್ ಚೆಕ್‌ಗೆ ನಾಲ್ಕಕ್ಕೇ ಇರಬೇಕು. ಅಂದರೆ ಒಂದೂವರೆ ದಿನದ ಕೆಲಸಕ್ಕೆ ಕೈಯಲ್ಲಿ ಉಳಿದದ್ದು ಎಷ್ಟು? ಕೀಬೋರ್ಡ್ ಕೆಟ್ಟರೆ ರಿಪೇರಿ ಯಾರ ಜೇಬಿನಿಂದ? ವೇದಿಕೆಯ ಮೇಲೆ ಲೈಟ್ ಬಿದ್ದಾಗ ಇದು ಯಾವುದೂ ಕಾಣುವುದಿಲ್ಲ, ಹತ್ತೊಂಬತ್ತನೇ ವಯಸ್ಸಿನಲ್ಲಿ ನನಗೂ ಕಂಡಿರಲಿಲ್ಲ.

ಕಾಲೇಜು ಬಿಡಿಸಬೇಡಿ. ಸಂಗೀತದಲ್ಲಿ ಸೋತರೆ ಇರಲಿ ಅಂತ ಹೇಳುತ್ತಿಲ್ಲ. ಬಿ.ಕಾಂ. ಕಲಿಸುವ ಲೆಕ್ಕ ಈ ಕೆಲಸಕ್ಕೇ ಬೇಕು. ಉಳಿದಿರುವುದು ಒಂದೂವರೆ ವರ್ಷ ಅಲ್ವಾ? ಅಷ್ಟರಲ್ಲಿ ಬಂದ ಪ್ರತಿ ರೂಪಾಯಿ, ಖರ್ಚಾದ ಪ್ರತಿ ರೂಪಾಯಿ ಒಂದು ಪುಸ್ತಕದಲ್ಲಿ ಬರೆಯಲಿ. ನಾಲ್ಕೈದು ಮಕ್ಕಳಿಗೆ ಪಾಠ ಶುರು ಮಾಡಲಿ. ಲಂಡನ್ನಿನ ಟ್ರಿನಿಟಿ ಕಾಲೇಜಿನ ಸಂಗೀತ ಗ್ರೇಡ್ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವ ಕೀಬೋರ್ಡ್ ಮೇಷ್ಟ್ರುಗಳನ್ನು ಈ ಊರಿನಲ್ಲಿ ತಂದೆ ತಾಯಿ ಹುಡುಕಿಕೊಂಡು ಬರುತ್ತಾರೆ. ಆಮೇಲೆ ಆ ಪುಸ್ತಕವನ್ನು ಅವನ ಅಪ್ಪನ ಮುಂದೆ ಇಡಲಿ. ಮಾತು ಬಿಟ್ಟಿರುವ ಅಪ್ಪಂದಿರು ಅಂಕಿ ನೋಡಿದರೆ ಒಂದು ಪ್ರಶ್ನೆಯಾದರೂ ಕೇಳುತ್ತಾರೆ. ನನ್ನ ಅಪ್ಪ ಕೇಳಿದ್ದರು.

ಪ್ರಶ್ನೆ: ನಾನು ಕೊಳಲು ನುಡಿಸುತ್ತೇನೆ, ಆಕಾಶವಾಣಿ ಕಲಾವಿದರಿಗೆ ಕೊಡುವ ದರ್ಜೆಗಳಲ್ಲಿ ನನಗೆ ಬಿ ಹೈ ಗ್ರೇಡ್ ಇದೆ. ಕರೆಯುವವರು ಬಹಳ ಜನ, ಕೊಡುವವರು ಕಮ್ಮಿ. ‘ಒಳ್ಳೆ ವೇದಿಕೆ ಕೊಡ್ತಿದ್ದೀವಲ್ಲ’ ಅಂತಾರೆ. ದುಡ್ಡು ಕೇಳಿದರೆ ಮುಂದೆ ಕರೆಯುವುದೇ ಇಲ್ಲವೇನೋ ಅಂತ ಭಯ. ಹೇಗೆ ಕೇಳಲಿ?
— ವಿದ್ಯಾರಣ್ಯಪುರ

ಉತ್ತರ: ಒಂದು ಹಳೆಯ ಸಂಗತಿ ಹೇಳಿ ಆಮೇಲೆ ಉತ್ತರಕ್ಕೆ ಬರುತ್ತೇನೆ. ತೊಂಬತ್ತರ ದಶಕದ ಕೊನೆ. ಒಂದು ಬಡಾವಣೆಯ ಗಣೇಶೋತ್ಸವಕ್ಕೆ ನಮ್ಮ ತಂಡ ಹೋಗಿತ್ತು. ಎಂಟು ಜನ. ಬಾಯಿಮಾತಿನಲ್ಲಿ ಎಲ್ಲ ಮುಗಿದಿತ್ತು, ಅಡ್ವಾನ್ಸ್ ಅಂತ ವ್ಯಾನ್ ಬಾಡಿಗೆಯಷ್ಟು ಮಾತ್ರ ಕೊಟ್ಟಿದ್ದರು. ಆರೂವರೆಗೆ ಶುರುವಾಗಬೇಕಿದ್ದದ್ದು ಸನ್ಮಾನ, ಭಾಷಣ ಮುಗಿದು ಎಂಟೂಮುಕ್ಕಾಲಿಗೆ ಶುರುವಾಯಿತು. ಸ್ವಲ್ಪ ಹೊತ್ತಿಗೆ ಪೊಲೀಸರು ಬಂದು ಸಾಕು ನಿಲ್ಲಿಸಿ ಅಂದರು. ‘ನೀವು ಅರ್ಧ ಪ್ರೋಗ್ರಾಂ ತಾನೇ ಕೊಟ್ಟಿದ್ದು’ ಅಂತ ಬಾಕಿ ಹಣ ಕೊಡಲೇ ಇಲ್ಲ. ನಮ್ಮ ಲೀಡರ್ ಮೂರು ಸಲ ಸ್ಕೂಟರಿನಲ್ಲಿ ಹೋಗಿ ಬಂದರು. ಕೊನೆಗೆ ತಮ್ಮ ಕೈಯಿಂದಲೇ ನಮಗೆಲ್ಲ ಹಂಚಿದರು. ಆ ತಿಂಗಳು ಅವರು ಮನೆ ಬಾಡಿಗೆ ಕಟ್ಟಿರಲಿಲ್ಲ ಅನ್ನುವುದು ನಮಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಅವರು ಈಗಿಲ್ಲ. ಅವರು ಕೊಟ್ಟ ಆ ದುಡ್ಡಿನ ಕವರ್ ನೆನಪಾದಾಗ ಇವತ್ತಿಗೂ ನನಗೆ ಗಂಟಲು ಕಟ್ಟುತ್ತದೆ.

ಅವತ್ತಿನಿಂದ ನಾನು ಕಲಿತದ್ದು ಇದು. ಕರೆ ಬಂದ ದಿನವೇ, ತಾರೀಕು ಒಪ್ಪಿಕೊಳ್ಳುವ ಮೊದಲೇ ಕೇಳಬೇಕು. ನಗುನಗುತ್ತಾ, ಆದರೆ ಸುತ್ತುಬಳಸದೆ. ‘ಕರೆದದ್ದು ತುಂಬ ಸಂತೋಷ ಸರ್. ಮೃದಂಗ, ಪಿಟೀಲು ಸೇರಿ ಮೂರು ಜನ ಬರುತ್ತೇವೆ. ಮೂವರಿಗೂ ಸೇರಿ ಸಂಭಾವನೆ ಇಷ್ಟು, ಹೋಗಿಬರುವ ಖರ್ಚು ಬೇರೆ. ಅರ್ಧ ಮುಂಗಡ ಕಳಿಸಿದರೆ ತಾರೀಕು ಬರೆದಿಟ್ಟುಕೊಳ್ಳುತ್ತೇನೆ.’ ಇಷ್ಟೇ. ಫೋನಿಟ್ಟ ಮೇಲೆ ಅದನ್ನೇ ವಾಟ್ಸಾಪ್‌ನಲ್ಲಿ ಕಳಿಸಿ: ದಿನ, ಜಾಗ, ಶುರು ಮಾಡುವ ಸಮಯ, ಮುಗಿಸುವ ಸಮಯ, ಮೊತ್ತ, ಬಾಕಿ ಯಾವಾಗ. ಅವರಿಂದ ‘ಸರಿ’ ಅಂತ ಉತ್ತರ ಬರಿಸಿಕೊಳ್ಳಿ. ಹೊರಗಡೆ ಪ್ರೋಗ್ರಾಂ ಆದರೆ ಸಮಯದ ಮಾತು ಇನ್ನೂ ಮುಖ್ಯ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಹೊರಗೆ ಧ್ವನಿವರ್ಧಕ ಹಾಕುವಂತಿಲ್ಲ, ಸರ್ಕಾರ ವಿನಾಯಿತಿ ಕೊಟ್ಟ ಕೆಲವೇ ದಿನ ಬಿಟ್ಟು. ‘ಭಾಷಣದಿಂದ ತಡವಾಗಿ ಹತ್ತಕ್ಕೆ ನಿಲ್ಲಿಸಬೇಕಾದರೂ ಸಂಭಾವನೆ ಪೂರ್ತಿ’ ಅಂತ ಒಂದು ಸಾಲು ಸೇರಿಸಿ.

ಎಲ್ಲದಕ್ಕೂ ದುಡ್ಡು ಕೇಳಿ ಅಂತ ಹೇಳುತ್ತಿಲ್ಲ. ನನ್ನ ಗುರುಗಳ ಆರಾಧನೆಗೆ ನಾನು ಯಾವತ್ತೂ ಒಂದು ಪೈಸೆ ತೆಗೆದುಕೊಂಡಿಲ್ಲ. ನಮ್ಮ ಬೀದಿಯ ದೇವಸ್ಥಾನದಲ್ಲೂ ಹಾಗೇ. ಅದು ಸೇವೆ, ಮಾಡುತ್ತೇನೆ ಅಂತ ನಾನೇ ನಿರ್ಧರಿಸಿದ್ದು. ಪೆಂಡಾಲ್‌ನವರಿಗೆ, ಮೈಕಿನವರಿಗೆ, ಹೂವಿನವರಿಗೆ, ಅಡುಗೆಯವರಿಗೆ ದುಡ್ಡು ಕೊಟ್ಟು, ಹಾಡುವವರಿಗೆ ಮಾತ್ರ ಶಾಲು ಹೊದಿಸಿ ಕಳಿಸಿದರೆ ಅದನ್ನು ಸೇವೆ ಅನ್ನಬಾರದು. ಕೇಳಿದ್ದಕ್ಕೆ ಮುಂದೆ ಕರೆಯದವರೂ ಇದ್ದಾರೆ, ಸುಳ್ಳು ಹೇಳುವುದಿಲ್ಲ. ಅವರು ಕರೆಯದಿದ್ದರೆ ನಿಮಗೆ ಒಂದು ಸಂಜೆ ಉಳಿಯುತ್ತದೆ, ಆ ಸಂಜೆ ಇಬ್ಬರು ಮಕ್ಕಳಿಗೆ ಪಾಠ ಹೇಳಬಹುದು.

ಪ್ರಶ್ನೆ: ಪಿಟೀಲು ಪಕ್ಕವಾದ್ಯ ನನ್ನದು. ಸಂಭಾವನೆಯ ಕವರ್ ಮುಖ್ಯ ಕಲಾವಿದರ ಕೈಗೆ ಹೋಗುತ್ತದೆ. ನನ್ನ ಪಾಲು ಎಷ್ಟು ಅಂತ ಗೊತ್ತಾಗುವುದು ಅವರು ಕಾರು ಹತ್ತುವಾಗ.
— ತ್ಯಾಗರಾಜನಗರ

ಉತ್ತರ: ಆಯೋಜಕರನ್ನು ಕೇಳುವುದಕ್ಕಿಂತ ಇದು ಕಷ್ಟ, ಯಾಕೆಂದರೆ ಎದುರಿಗಿರುವವರು ನಮ್ಮವರೇ. ‘ಅಣ್ಣಾ, ಅವತ್ತಿಗೆ ನನ್ನದು ಇಷ್ಟು ಅಂತ ಇಟ್ಟುಕೊಂಡಿದ್ದೀನಿ, ಪರವಾಗಿಲ್ವಾ?’ ಅಂತ ಕಚೇರಿಗೆ ಕರೆದಾಗಲೇ ಕೇಳಿ. ಮುಖ್ಯ ಕಲಾವಿದರಿಗೂ ನನ್ನದೊಂದು ಮಾತು. ಪಕ್ಕವಾದ್ಯದವರಿಗೆ ಎಷ್ಟು ಅಂತ ನೀವೇ ಮೊದಲು ಹೇಳಿಬಿಡಿ. ನಿಮಗೆ ಬರುವುದು ಕಮ್ಮಿಯಾದರೆ ಅದನ್ನೂ ಹೇಳಿ, ಒಪ್ಪುವುದು ಬಿಡುವುದು ಅವರಿಗೆ ಬಿಟ್ಟದ್ದು.

ಪ್ರಶ್ನೆ: ಮನೆಯಲ್ಲಿ 14 ಮಕ್ಕಳಿಗೆ ಹಾಡುಗಾರಿಕೆ ಹೇಳಿಕೊಡುತ್ತೇನೆ. ಏಪ್ರಿಲ್, ಮೇ ಬಂದರೆ ಎಲ್ಲರೂ ಅಜ್ಜಿ ಮನೆಗೆ ಹೋಗುತ್ತಾರೆ, ಫೀಸೂ ನಿಲ್ಲುತ್ತದೆ. ವಿದ್ಯೆ ಮಾರುತ್ತಿದ್ದೇನೆ ಅನ್ನಿಸಿಕೊಳ್ಳಲು ಇಷ್ಟವಿಲ್ಲ, ಆದರೆ ಆ ಎರಡು ತಿಂಗಳು ಬಹಳ ಕಷ್ಟ.
— ಜೆ.ಪಿ. ನಗರ

ಉತ್ತರ: ಮೇಡಂ, ನೀವು ಮಾರುತ್ತಿರುವುದು ವಿದ್ಯೆಯನ್ನಲ್ಲ, ನಿಮ್ಮ ಸಮಯವನ್ನು. ಆ ಸಮಯಕ್ಕೆ ವಿದ್ಯುತ್ ಬಿಲ್ಲು, ಬಾಡಿಗೆ, ನಿಮ್ಮ ಗಂಟಲಿನ ಆರೈಕೆ ಎಲ್ಲ ಸೇರಿದೆ. ಒಳ್ಳೆಯ ಪಾಠ ಹೇಳುವವರಿಂದಲೇ ಈ ಊರಿನ ಸಂಗೀತ ನಿಂತಿದೆ. ಕಚೇರಿಗಳನ್ನು ನಡೆಸುವ ಬೆಂಗಳೂರು ಗಾಯನ ಸಮಾಜ 1905ರಿಂದ ನಡೆಯುತ್ತಿದೆ ಅಂದರೆ ಅಲ್ಲಿ ಕೂತು ಕೇಳುವ ಕಿವಿಗಳನ್ನು ಮನೆಮನೆಯಲ್ಲಿ ಯಾರೋ ಸರಳೆ ವರಸೆ ಅನ್ನುವ ಮೊದಲ ಪಾಠದಿಂದ ತಯಾರು ಮಾಡಿದ್ದಾರೆ ಅಂತಲೇ ಅರ್ಥ.

ಜೂನ್‌ನಿಂದ ತಿಂಗಳ ಫೀಸು ಬಿಟ್ಟು ಮೂರು ತಿಂಗಳಿಗೊಮ್ಮೆ ಮುಂಗಡ ತೆಗೆದುಕೊಳ್ಳಿ. ವರ್ಷಕ್ಕೆ ಇಷ್ಟು ಪಾಠ ಅಂತ ಲೆಕ್ಕ ಹಾಕಿ, ಅದನ್ನು ನಾಲ್ಕು ಕಂತು ಮಾಡಿ. ಆಗ ಬೇಸಿಗೆಯ ಎರಡು ತಿಂಗಳು ಕಂತಿನೊಳಗೇ ಸೇರಿಕೊಳ್ಳುತ್ತದೆ. ಪೋಷಕರಿಗೆ ಮೊದಲೇ ಬರೆದು ಕೊಟ್ಟರೆ ಯಾರೂ ಜಗಳ ಆಡುವುದಿಲ್ಲ. ರಾಜ್ಯದ ಸಂಗೀತ ಪರೀಕ್ಷೆಗಳಾದ ಜೂನಿಯರ್, ಸೀನಿಯರ್‌ಗೆ ಕೂರುವ ಮಕ್ಕಳಿದ್ದರೆ ಅವರು ರಜೆಯಲ್ಲೂ ಬಿಡುವುದಿಲ್ಲ. ನೀವು ಅದಕ್ಕೂ ಮೇಲಿನ ವಿದ್ವತ್ ಪರೀಕ್ಷೆ ಮಾಡಿದ್ದರೆ ಹತ್ತಿರದ ಖಾಸಗಿ ಶಾಲೆಗಳಲ್ಲಿ ವಾರಕ್ಕೆರಡು ದಿನದ ಕೆಲಸವೂ ಸಿಗಬಹುದು, ವಿಚಾರಿಸಿ.

ಆನ್‌ಲೈನ್ ಪಾಠದ ಬಗ್ಗೆಯೂ ಯೋಚಿಸಿ. ನಮ್ಮ ಬೆಳಗ್ಗೆ 6 ಗಂಟೆ ಅಂದರೆ ನ್ಯೂಯಾರ್ಕ್ ಕಡೆ ಬೇಸಿಗೆಯಲ್ಲಿ ಹಿಂದಿನ ರಾತ್ರಿ ಎಂಟೂವರೆ, ಚಳಿಗಾಲದಲ್ಲಿ ಏಳೂವರೆ. ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಸಂಜೆ. ಶಾಲೆಯಿಂದ ಬಂದ ಮಕ್ಕಳಿಗೆ ಅದು ಸರಿಯಾದ ಹೊತ್ತು. ಮಾರ್ಚ್‌ನಲ್ಲಿ, ನವೆಂಬರ್‌ನಲ್ಲಿ ಅಲ್ಲಿ ಗಡಿಯಾರ ಬದಲಾಗುತ್ತದೆ, ಆ ವಾರ ಮಾತ್ರ ಮೊದಲೇ ನೆನಪಿಸಿ.

ಪ್ರಶ್ನೆ: ಮನೆಯಲ್ಲೇ ಹಾರ್ಮೋನಿಯಂ ಇಟ್ಟುಕೊಂಡು ಭಾವಗೀತೆ, ತತ್ವಪದ ಹಾಡಿ ಯೂಟ್ಯೂಬ್‌ಗೆ ಹಾಕುತ್ತೇನೆ. ಒಂದು ಹಾಡಿಗೆ ಕಾಪಿರೈಟ್ ಕ್ಲೇಮ್ ಬಂದಿದೆ. ಹಾಡಿದ್ದು ನಾನು, ನುಡಿಸಿದ್ದು ನಾನು. ಇದು ಹೇಗೆ?
— ಹೆಗ್ಗನಹಳ್ಳಿ

ಉತ್ತರ: ಬೇಜಾರಾಗಬೇಡಿ. ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ. ಕ್ಲೇಮ್ ಬಂದರೆ ಸಾಮಾನ್ಯವಾಗಿ ಆ ವಿಡಿಯೋದ ಜಾಹೀರಾತಿನ ದುಡ್ಡು ಹಕ್ಕು ಇರುವವರಿಗೆ ಹೋಗುತ್ತದೆ, ಚಾನೆಲ್‌ಗೆ ಏನೂ ಆಗುವುದಿಲ್ಲ. ಸ್ಟ್ರೈಕ್ ಅಂದರೆ ವಿಡಿಯೋ ತೆಗೆದುಹಾಕಿ ಚಾನೆಲ್ ಮೇಲೆ ಹಾಕುವ ಕಪ್ಪುಚುಕ್ಕೆ. ಅದಾದರೆ ಎಚ್ಚರ, 90 ದಿನದೊಳಗೆ ಮೂರು ಬಂದರೆ ಚಾನೆಲ್ಲೇ ಹೋಗಬಹುದು.

ಒಂದು ಹಾಡಿನಲ್ಲಿ ಮೂರು ಆಸ್ತಿ ಇದೆ ಅಂತ ತಿಳಿದುಕೊಳ್ಳಿ. ಮಾತು ಕವಿಯದು. ರಾಗಸಂಯೋಜನೆ ಸಂಯೋಜಕರದು. ರೆಕಾರ್ಡಿಂಗ್ ಅದನ್ನು ಮಾಡಿಸಿದ ಕಂಪನಿಯದು. ಮಾತು ಮತ್ತು ರಾಗಸಂಯೋಜನೆಯ ಹಕ್ಕು ಅದನ್ನು ಮಾಡಿದವರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಬೇಂದ್ರೆಯವರು ಹೋದದ್ದು 1981ರಲ್ಲಿ, ಅವರ ಕವಿತೆಗಳ ಹಕ್ಕು 2041ರ ಕೊನೆಯ ತನಕ. ಕುವೆಂಪು ಅವರದು 2054ರ ತನಕ. ಶಿಶುನಾಳ ಶರೀಫರು 1889ರಲ್ಲೇ ಹೋದವರು, ಅವರ ಪದಗಳನ್ನು ಯಾರು ಬೇಕಾದರೂ ಹಾಡಬಹುದು. ಆದರೆ ನಾವೆಲ್ಲ ಕಲಿತಿರುವುದು ಹೆಚ್ಚಾಗಿ ಸಿ. ಅಶ್ವತ್ಥ್ ಅವರು ಹಾಕಿದ ಧಾಟಿಯಲ್ಲಿ, ಅಲ್ವಾ? ಅವರು ತೀರಿಕೊಂಡದ್ದು 2009ರಲ್ಲಿ. ಹಾಗಾಗಿ ಮಾತು ಎಲ್ಲರದಾದರೂ ಆ ಧಾಟಿಗೆ ಹಕ್ಕು ಇದೆ. ನಿಮ್ಮ ಹಾಡಿಗೆ ಕ್ಲೇಮ್ ಬಂದಿರುವುದು ಬಹುಶಃ ಇದೇ ಕಾರಣಕ್ಕೆ.

ದಾಸರ ಪದ, ವಚನ, ತತ್ವಪದಗಳಿಗೆ ನೀವೇ ಸ್ವಂತ ರಾಗ ಹಾಕಿ ಹಾಡಿ. ಆಗ ಹಕ್ಕು ಪಡೆಯುವವರು ನೀವೇ ಆಗುತ್ತೀರಿ. ಇದನ್ನು ಬರೀ ದುಡ್ಡಿಗಾಗಿ ಹೇಳುತ್ತಿಲ್ಲ, ಹೊಸ ಧಾಟಿಗಳು ಬರಬೇಕು ಅನ್ನುವ ಆಸೆ ನನಗೆ ನಿಜವಾಗಿಯೂ ಇದೆ. ಯೂಟ್ಯೂಬ್‌ನಲ್ಲಿ ಜಾಹೀರಾತಿನ ಪಾಲು ಸಿಗಲು 1,000 ಚಂದಾದಾರರು, ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ವೀಕ್ಷಣೆ ಬೇಕು, ಅಥವಾ 90 ದಿನದಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ವೀಕ್ಷಣೆ. ಸ್ಪಾಟಿಫೈನಲ್ಲಿ 2024ರಿಂದ ಒಂದು ಹಾಡು ಹಿಂದಿನ 12 ತಿಂಗಳಲ್ಲಿ 1,000 ಸಲವಾದರೂ ಕೇಳಿಸಿಕೊಂಡಿರಬೇಕು, ಇಲ್ಲದಿದ್ದರೆ ಅದರ ರೆಕಾರ್ಡಿಂಗ್‌ಗೆ ರಾಯಲ್ಟಿ ಇಲ್ಲ. ಹಾಗಾಗಿ ಇದನ್ನೇ ನಂಬಿ ಕೂರಬೇಡಿ. ನಿಮ್ಮ ಹಾಡು ಕೇಳಿ ಯಾರಾದರೂ ಗೃಹಪ್ರವೇಶಕ್ಕೆ ಕರೆದರೆ ಬರುವ ದುಡ್ಡು ಇದಕ್ಕಿಂತ ಬೇಗ ಬರುತ್ತದೆ. ಫೋನ್ ನಂಬರ್ ವಿಡಿಯೋ ಕೆಳಗೆ ಹಾಕಿದ್ದೀರಾ?

ಪ್ರಶ್ನೆ: ಸಿನಿಮಾ ಹಾಡುಗಳಿಗೆ ಸ್ಟುಡಿಯೋದಲ್ಲಿ ರಿದಂ ನುಡಿಸುತ್ತೇನೆ. ಅವತ್ತಿನ ದುಡ್ಡು ಅವತ್ತೇ ಕೊಡುತ್ತಾರೆ, ಅಲ್ಲಿಗೆ ಮುಗಿಯಿತು. ಹಾಡು ಕೋಟಿಗಟ್ಟಲೆ ಜನ ಕೇಳಿದರೂ ನನಗೇನೂ ಇಲ್ಲ. ಕಾನೂನಿನಲ್ಲಿ ಏನಾದರೂ ಇದೆಯಾ?
— ಗಾಂಧಿನಗರ

ಉತ್ತರ: ಇದೆ. 2012ರಲ್ಲಿ ಕಾಪಿರೈಟ್ ಕಾಯ್ದೆಗೆ ದೊಡ್ಡ ತಿದ್ದುಪಡಿ ಆಯಿತು. ಹಾಡು ಬರೆದವರು, ಸಂಗೀತ ಹಾಕಿದವರು ಚಿತ್ರಮಂದಿರದ ಆಚೆ ಆ ಹಾಡಿನ ಬಳಕೆಯಿಂದ ಬರುವ ರಾಯಲ್ಟಿಯಲ್ಲಿ ಸಮಪಾಲನ್ನು ಕಂಪನಿಗೆ ಬಿಟ್ಟುಕೊಡುತ್ತೇನೆ ಅಂತ ಸಹಿ ಮಾಡಿದರೂ ಆ ಸಹಿಗೆ ಬೆಲೆ ಇಲ್ಲ. ಅವರ ರಾಯಲ್ಟಿ ಸಂಗ್ರಹಿಸುವ ಸೊಸೈಟಿ ಐಪಿಆರ್‌ಎಸ್. ಹಾಡುವವರಿಗೆ, ನುಡಿಸುವವರಿಗೆ ಪ್ರದರ್ಶಕರ ಹಕ್ಕು ಅಂತ ಬೇರೆ ಇದೆ, ಅದು 50 ವರ್ಷ. ಅದಕ್ಕೆ ಇಸಾಮ್ರಾ (ಇಂಡಿಯನ್ ಸಿಂಗರ್ಸ್ ಅಂಡ್ ಮ್ಯೂಸಿಷಿಯನ್ಸ್ ರೈಟ್ಸ್ ಅಸೋಸಿಯೇಷನ್) ಅನ್ನುವ ಸಂಸ್ಥೆ ಇದೆ. ಗಾಯಕರು ಮಾತ್ರ ಅಂತ ತಿಳಿಯಬೇಡಿ, ಅದರ ಹೆಸರಿನಲ್ಲೇ ವಾದ್ಯಗಾರರೂ ಇದ್ದಾರೆ. ಸದಸ್ಯತ್ವಕ್ಕೆ ಏನು ಬೇಕು ಅಂತ ವಿಚಾರಿಸಿ.

ಆದರೆ ಕಾನೂನಿನಲ್ಲಿ ಒಂದು ಮಾತು ಇದೆ, ಅದನ್ನು ನಮ್ಮವರು ಯಾರೂ ಗಮನಿಸುವುದಿಲ್ಲ. ಸಿನಿಮಾದಲ್ಲಿ ಒಬ್ಬರ ಕೆಲಸ ಸಣ್ಣದು, ಪ್ರಾಸಂಗಿಕವಾದದ್ದು, ಅದಕ್ಕೆ ಹೆಸರು ಹಾಕುವ ರೂಢಿಯೂ ಇಲ್ಲ ಅಂತಾದರೆ ಅವರನ್ನು ಈ ಹಕ್ಕಿನ ಮಟ್ಟಿಗೆ ಪ್ರದರ್ಶಕರು ಅಂತಲೇ ಎಣಿಸುವುದಿಲ್ಲ. ಅಂದರೆ ಚಿತ್ರದ ಕೊನೆಯಲ್ಲಿ ಓಡುವ ಹೆಸರುಗಳಲ್ಲಿ ನಿಮ್ಮ ಹೆಸರು ಇರುವುದು ಬರೀ ಮರ್ಯಾದೆಯ ಪ್ರಶ್ನೆ ಅಲ್ಲ, ಹಕ್ಕಿನ ಪ್ರಶ್ನೆ. ನುಡಿಸಿದ ದಿನವೇ ಸಂಗೀತ ನಿರ್ದೇಶಕರಿಗೆ ನಿಮ್ಮ ಹೆಸರು, ವಾದ್ಯ, ಹಾಡು, ತಾರೀಕು ಬರೆದು ಕಳಿಸಿ. ಯೂಟ್ಯೂಬ್‌ಗೆ ಹಾಡು ಹಾಕುವಾಗ ಕೆಳಗೆ ಹೆಸರು ಸೇರಿಸಲು ಕೇಳಿ. ಇದಕ್ಕೆ ಯಾರೂ ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ. ಜೊತೆಗೆ ಕಂಪನಿಯವರು ಸಂಭಾವನೆಯಲ್ಲಿ 10% ಟಿಡಿಎಸ್ (ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದಿದ್ದರೆ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿ. ನಿಮ್ಮ ಆದಾಯಕ್ಕೆ ಅಷ್ಟು ತೆರಿಗೆ ಬರದಿದ್ದರೆ ಹೆಚ್ಚಿಗೆ ಹಿಡಿದದ್ದು ವಾಪಸ್ ಬರುತ್ತದೆ. ಎಷ್ಟೋ ಜನ ಇದನ್ನು ಸುಮ್ನೆ ಬಿಟ್ಟುಬಿಡುತ್ತಾರೆ.

ಪ್ರಶ್ನೆ: ಈಗ ಎಲ್ಲ ಕಡೆ ಮೊದಲೇ ರೆಕಾರ್ಡ್ ಮಾಡಿದ ಟ್ರ್ಯಾಕ್ ಹಾಕಿ ಹಾಡುತ್ತಾರೆ. ಇನ್ನು ಕಂಪ್ಯೂಟರೇ ಸಂಗೀತ ಮಾಡುತ್ತದಂತೆ. ನಮ್ಮ ಕಥೆ?
— ಒಬ್ಬ ಗಿಟಾರ್ ವಾದಕ, ಕೆಂಗೇರಿ

ಉತ್ತರ: ಕೆಲಸ ಕಮ್ಮಿಯಾಗಿದೆ, ಹೌದು. ನಮ್ಮ ಬೆಂಗಳೂರಿನ ರಾಡೆಲ್ ಕಂಪನಿಯ ರಾಜ್ ನಾರಾಯಣ್ ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರ ಮಾಡಿದರು. ಅದರಿಂದ ಮನೆಯಲ್ಲಿ ಒಬ್ಬರೇ ಕೂತು ಅಭ್ಯಾಸ ಮಾಡುವವರಿಗೆ ಎಷ್ಟು ಉಪಕಾರವಾಯಿತು ಹೇಳತೀರದು. ಹಾಗೇ ಕಚೇರಿಗಳಲ್ಲಿ ಹಿಂದೆ ಕೂತು ತಂಬೂರ ಮೀಟುವವರೂ ಕಮ್ಮಿಯಾದರು. ಎರಡೂ ನಿಜ. ಒಂದೇ ಥರ ನುಡಿಸುವ ಕೆಲಸ ಮೊದಲು ಹೋಗುತ್ತದೆ. ಹಾಡುವವರ ಶ್ರುತಿ ಸ್ವಲ್ಪ ಇಳಿದರೆ ಅಲ್ಲೇ ಇಳಿಸಿಕೊಳ್ಳುವುದು, ಮದುಮಗಳು ಬರುವುದು ತಡವಾದರೆ ಪಲ್ಲವಿ ಎರಡು ಸಲ ಹೆಚ್ಚು ಎಳೆಯುವುದು ಟ್ರ್ಯಾಕಿಗೆ ಬರುವುದಿಲ್ಲ. ಅದರಲ್ಲಿ ಗಟ್ಟಿಯಾಗಿ. ಪಾಠ ಹೇಳುವುದನ್ನೂ ಇವತ್ತೇ ಶುರು ಮಾಡಿ.

ಪ್ರಶ್ನೆ: ನಮ್ಮ ತಂದೆ ಡೋಲು ವಾದಕರು, 71 ವರ್ಷ. ಮದುವೆಗಳಿಗೆ ಹೋಗಲು ಈಗ ಆಗುತ್ತಿಲ್ಲ. ಸರ್ಕಾರದಿಂದ ಏನಾದರೂ ಸಿಗುತ್ತಾ? ಅವರು ಕೇಳಲು ಒಪ್ಪುತ್ತಿಲ್ಲ.
— ಮಗಳು, ಕಾಮಾಕ್ಷಿಪಾಳ್ಯ

ಉತ್ತರ: ಸಿಗುತ್ತದೆ ತಾಯಿ. ಕಷ್ಟದಲ್ಲಿರುವ ಹಿರಿಯ ಕಲಾವಿದರಿಗೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಿಂದ ಮಾಸಾಶನ ಇದೆ. ಇಲಾಖೆಯ ಕಚೇರಿ ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿದೆ, ರವೀಂದ್ರ ಕಲಾಕ್ಷೇತ್ರದ ಪಕ್ಕ. ಅರ್ಜಿಗೆ ಮುಖ್ಯವಾಗಿ ಬೇಕಾಗುವುದು ಅವರು ಇಷ್ಟು ವರ್ಷ ನುಡಿಸಿದ್ದಕ್ಕೆ ಪುರಾವೆ. ವಾಲಗದವರ ಕಷ್ಟ ಇಲ್ಲೇ ಇರುವುದು. ಸಾವಿರಾರು ಮದುವೆ ನುಡಿಸಿರುತ್ತಾರೆ, ಲಗ್ನಪತ್ರಿಕೆಯಲ್ಲಿ ಅವರ ಹೆಸರು ಎಲ್ಲೂ ಇರುವುದಿಲ್ಲ. ದೇವಸ್ಥಾನದ ಉತ್ಸವದ ಕರಪತ್ರ, ಹಳೆಯ ಫೋಟೋ, ಸನ್ಮಾನದ ಪತ್ರ, ರಸೀದಿ ಏನಿದ್ದರೂ ಹುಡುಕಿ. ಅವರು ಕಾಯಂ ನುಡಿಸುತ್ತಿದ್ದ ದೇವಸ್ಥಾನದಿಂದ, ಛತ್ರದಿಂದ ಒಂದು ಪತ್ರ ಬರೆಸಿಕೊಳ್ಳಿ. ಹಳೆಯ ಮದುವೆ ಆಲ್ಬಂಗಳಲ್ಲಿ ಡೋಲು ಹಿಡಿದು ನಿಂತ ಫೋಟೋ ಸಿಗಬಹುದು, ಗೊತ್ತಿದ್ದ ಮನೆಗಳಿಗೆ ಫೋನ್ ಮಾಡಿ ಕೇಳಿ.

ತಂದೆಯವರಿಗೆ ನಾನು ಹೇಳಿದೆ ಅಂತ ಹೇಳಿ: ಇದು ಬೇಡುವುದಲ್ಲ ಯಜಮಾನ್ರೇ, ಎಷ್ಟೋ ಮದುವೆಗಳಲ್ಲಿ ನಿಮಗೆ ಕಮ್ಮಿ ಕೊಟ್ಟಿದ್ದಾರಲ್ಲ, ಅದರ ಬಾಕಿ. ಪುರಾವೆಗಳೆಲ್ಲ ಸೇರಿ ಫೈಲು ಆದ ಮೇಲೆ ಒಂದು ದಿನ ಬೆಳಗ್ಗೆ ಬೇಗ ಹೊರಟು ಹೋಗಿ, ಎಲ್ಲ ಪತ್ರದ ಎರಡೆರಡು ಜೆರಾಕ್ಸ್ ಇರಲಿ, ಅರ್ಜಿ ಕೊಟ್ಟಿದ್ದಕ್ಕೆ ಸ್ವೀಕೃತಿ ತೆಗೆದುಕೊಂಡೇ ಬನ್ನಿ.